ಬೋರ್ ನೀರಿನ ತೊಟ್ಟಿಗೆ ಬಿದ್ದ ಫೋನ್: ಅಕ್ಕಿ ಡಬ್ಬಕ್ಕೆ ಹಾಕಬೇಕೋ, ಬಿಚ್ಚಬೇಕೋ?

ತೊಟ್ಟಿಕಟ್ಟೆ, ನಿಟ್ಟುವಳ್ಳಿ (ದಾವಣಗೆರೆ)
ಗೊತ್ತಿರೋರು ಬೇಗ ಹೇಳ್ರಿ. ಆಂಡ್ರಾಯ್ಡ್ ಫೋನ್ ಬೋರ್ ನೀರಿನ ತೊಟ್ಟಿಗೆ ಬಿದ್ದು ಅರ್ಧ ತಾಸಾಯ್ತು. ನೀರಲ್ಲಿದ್ದಿದ್ದು ಎರಡು ನಿಮಿಷ. ಮೂರು ವರ್ಷದ ಫೋನು, ಹಿಂದಿನ ಮುಚ್ಚಳ ಅಂಟಿಸಿದ್ದು, ಬ್ಯಾಟರಿ ಹೊರಗೆ ಬರಂಗಿಲ್ಲ. ಇನ್ನೂ ಆನ್ ಐತೆ, ಚಾರ್ಜ್ 62% ತೋರಿಸ್ತೈತೆ, ಸ್ಪೀಕರ್ ಮಾತ್ರ ಗೊರಗೊರ ಅಂತೈತೆ. ಮನೇಲಿ ಅಕ್ಕಿ ಡಬ್ಬ ತಂದಿಟ್ಟಾರೆ. ಹಾಕ್ಲಾ? ಫೋಟೋ, ಜಮೀನಿನ ಪಹಣಿ, ಕ್ರಯಪತ್ರದ ಸ್ಕ್ಯಾನ್ ಎಲ್ಲ ಅದರಲ್ಲೇ ಐತೆ, ಬ್ಯಾಕಪ್ ಇಲ್ಲ.

ಫ್ಲಕ್ಸ್, ಮಂಡಿಪೇಟೆ (ದಾವಣಗೆರೆ)
ಮೊದಲು ಆಫ್ ಮಾಡ್ರಿ. ಇದನ್ನ ಪೂರ್ತಿ ಓದೋಕೂ ಕಾಯಬೇಡ್ರಿ. ಚಾರ್ಜರ್ ಹತ್ತಿರ ಒಯ್ಯಬೇಡ್ರಿ. ಸಿಮ್ ಟ್ರೇ ತೆಗೀರಿ, ಸಿಮ್ ಒರೆಸಿ ಬೇರೆ ಫೋನಿಗೆ ಹಾಕ್ಕೊಳ್ರಿ, ಓಟಿಪಿಗೆ ಬೇಕಾಗ್ತೈತೆ. ಮೆಮೊರಿ ಕಾರ್ಡ್ ಇದ್ರೆ ಅದನ್ನೂ ತೆಗೀರಿ. ಜಾಡಿಸೋದು, ಬಾಯಿಂದ ಊದೋದು ಬೇಡ. ಒಂದು ಮೂಲೇಲಿರೋ ನೀರು ಬೋರ್ಡ್ ತುಂಬ ಹರಡ್ತೈತೆ. ಚಾರ್ಜಿಂಗ್ ಕಿಂಡಿ ಕೆಳಗೆ ಬರೋ ಹಂಗೆ ಗೋಡೆಗೆ ಒರಗಿಸಿಡ್ರಿ.

ಟಚ್ ಕೆಲಸ ಮಾಡದೆ ಆಫ್ ಆಗದಿದ್ರೆ ಚಾರ್ಜ್ ತಾನೇ ಮುಗೀಲಿ ಅಂತ ಬಿಡಬೇಡ್ರಿ. ನೇರ ಬಿಚ್ಚಿ ಬ್ಯಾಟರಿ ಕನೆಕ್ಟರ್ ಎಬ್ಬಿಸಬೇಕು. ಅಕ್ಕಿ ಡಬ್ಬ ಅಡುಗೆಮನೆಗೆ ವಾಪಸ್ ಕಳಿಸ್ರಿ.

ಹೊಳೆದಂಡೆ, ಹರಿಹರ
ಒಂದು ನಿಮಿಷ ಸರ್. ಆನ್ ಇದೆ, ಬ್ಯಾಕಪ್ ಇಲ್ಲ ಅಂತಿದಾರೆ. ಆಫ್ ಮಾಡಿದ ಮೇಲೆ ಮತ್ತೆ ಆನ್ ಆಗದಿದ್ದರೆ? ಈಗಲೇ ಮುಖ್ಯವಾದ ಹತ್ತು ಫೋಟೋ ಕಳಿಸಿಕೊಂಡು ಆಮೇಲೆ ಆಫ್ ಮಾಡಿದರೆ ಏನು ತಪ್ಪು?

ಏಳುಸುತ್ತು, ಚಿತ್ರದುರ್ಗ
ಹೊಳೆದಂಡೆಯವರ ಪ್ರಶ್ನೆ ನ್ಯಾಯವಾದದ್ದೇ. ಆದರೂ ಆಫ್ ಮಾಡುವುದೇ ಸರಿ. ಫೋನನ್ನು ಕೊಲ್ಲುವುದು ಬರೀ ನೀರಲ್ಲ. ಉಪ್ಪು ಕರಗಿದ ನೀರಿನಲ್ಲಿ ಹರಿಯುವ ಕರೆಂಟು.

ಬೋರ್ಡಿನ ಮೇಲೆ ಅರ್ಧ ಮಿಲಿಮೀಟರ್ ಅಂತರವೂ ಇಲ್ಲದ ಎರಡು ಪಿನ್ನುಗಳಿವೆ ಅಂದುಕೊಳ್ಳಿ. ಒಂದರಲ್ಲಿ ಬ್ಯಾಟರಿಯ ಸುಮಾರು 4 ವೋಲ್ಟ್, ಪಕ್ಕದ್ದು ಗ್ರೌಂಡ್, ಅಂದರೆ ನೆಗೆಟಿವ್. ನಡುವೆ ಉಪ್ಪುನೀರಿನ ಒಂದು ಹನಿ ಕೂತರೆ ವಿದ್ಯುದ್ವಿಭಜನೆ ಶುರು. ಪಾಸಿಟಿವ್ ಕಡೆಯ ತಾಮ್ರ, ತವರ ಕರಗಿ ಹನಿಯೊಳಗೆ ಸಾಗಿ ನೆಗೆಟಿವ್ ಕಡೆ ಬೇರಿನಂತೆ ಬೆಳೆಯುತ್ತದೆ. ಆ ಬೇರು ಎರಡೂ ಪಿನ್ನನ್ನು ಮುಟ್ಟಿದಾಗ ಶಾರ್ಟ್. ಇದಕ್ಕೆ ದಿನಗಟ್ಟಲೆ ಬೇಕಿಲ್ಲ, ನಿಮಿಷಗಳು ಸಾಕು. ಕರೆಂಟೇ ಇಲ್ಲದಿದ್ದರೆ ಅದೇ ಹನಿ ಅಲ್ಲೇ ಕೂತರೂ ತುಕ್ಕು ಬಹಳ ನಿಧಾನ. ಹತ್ತು ಫೋಟೋ ಕಳಿಸಲು ಫೋನು ಪೂರ್ತಿ ಎಚ್ಚರವಾಗಿ ವೈಫೈ, ಪರದೆ, ಪ್ರೊಸೆಸರ್ ಎಲ್ಲದಕ್ಕೂ ಕರೆಂಟ್ ಹಂಚುತ್ತದೆ. ಆ ಹತ್ತು ಫೋಟೋಗಳಿಗಾಗಿ ಉಳಿದ ಸಾವಿರವನ್ನು ಪಣಕ್ಕಿಟ್ಟಂತೆ.

ನಮ್ಮ ಎರಡೂ ಜಿಲ್ಲೆಯ ಬೋರ್ ನೀರಿನ ಮಾತೇ ಬೇರೆ, ಅದರಲ್ಲಿ ಲವಣ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 2000 ತನಕ ಒಪ್ಪುತ್ತಾರೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಪೊರೆ ನಿಮ್ಮ ಬೋರ್ಡಿನ ಮೇಲೂ ಕಟ್ಟುತ್ತದೆ. ಅಕ್ಕಿ ಹಾಕುವುದು ವ್ಯರ್ಥ ಎನ್ನುವುದಕ್ಕೆ ಕಾರಣ ಇಲ್ಲೇ ಇದೆ. ನೀರು ಹೇಗಿದ್ದರೂ ಆರುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಮಳೆಗಾಲದ ತೇವಕ್ಕೆ ಅದೇ ಉಪ್ಪು ಮತ್ತೆ ಒದ್ದೆಯಾಗಿ ಕೆಲಸ ಮುಂದುವರಿಸುತ್ತದೆ. "ಒಣಗಿಸಿದ್ವಿ, ಚೆನ್ನಾಗೇ ಇತ್ತು, ಎರಡು ತಿಂಗಳಿಗೆ ಸತ್ತುಹೋಯ್ತು" ಎನ್ನುವ ಫೋನುಗಳೆಲ್ಲ ಈ ಜಾತಿಯವು. ಅಕ್ಕಿಯ ಹಿಟ್ಟಿನ ದೂಳು ಕಿಂಡಿಯಲ್ಲಿ ಗಂಜಿಯಾಗುವುದು ಬೇರೆ. ಐಫೋನ್ ಮಾಡುವ ಆ್ಯಪಲ್ ಕಂಪನಿಯೇ 2024ರಲ್ಲಿ ಅಕ್ಕಿ ಚೀಲಕ್ಕೆ ಹಾಕಬೇಡಿ ಎಂದು ತನ್ನ ಸಹಾಯ ಪುಟದಲ್ಲಿ ಬರೆದಿದೆ.

ತೊಟ್ಟಿಕಟ್ಟೆ, ನಿಟ್ಟುವಳ್ಳಿ
ಆಫ್ ಮಾಡಿದೆ. ಈಗ ಫ್ಯಾನ್ ಕೆಳಗಿಟ್ಟರೆ ಸಾಕಾ?

ಫ್ಲಕ್ಸ್, ಮಂಡಿಪೇಟೆ
ಸಾಲದು. ಆಫ್ ಅಂದ್ರೆ ಪರದೆ, ಪ್ರೊಸೆಸರ್ ಆಫ್ ಅಷ್ಟೇ. ಬ್ಯಾಟರಿ ಕನೆಕ್ಟರ್ ಕೂತಿರೋ ತನಕ ಪವರ್ ಐಸಿ (ಕರೆಂಟ್ ಹಂಚೋ ಚಿಪ್) ತನಕ ವೋಲ್ಟೇಜ್ ಇದ್ದೇ ಇರ್ತೈತೆ. ಅದನ್ನ ಬಿಡಿಸೋದೇ ನಿಜವಾದ ಆಫ್. ಇವತ್ತೇ ಬಿಚ್ಚಬೇಕು. ಕೈ ನಡುಗ್ತೈತೆ ಅಂದ್ರೆ ಅಂಗಡಿಗೆ ಒಯ್ರಿ, ಆದ್ರೆ "ಒಣಗಿಸಿಕೊಡ್ರಿ" ಅನ್ನಬೇಡ್ರಿ. "ಬೋರ್ಡ್ ತೆಗೆದು ಶೀಲ್ಡ್ ಕೆಳಗೆ ತೊಳೀರಿ" ಅನ್ರಿ. ಶೀಲ್ಡ್ ಅಂದ್ರೆ ಬೋರ್ಡ್ ಮೇಲಿನ ಚಿಪ್‌ಗಳನ್ನ ಮುಚ್ಚಿರೋ ತಗಡು.

ಮನೇಲೇ ಮಾಡೋದಾದ್ರೆ ಬೇಕಾಗಿದ್ದು: 1.5 ಮಿಲಿಮೀಟರ್ ಫಿಲಿಪ್ಸ್ ಸ್ಕ್ರೂಡ್ರೈವರ್, ಹೇರ್ ಡ್ರೈಯರ್, ತೆಳ್ಳನೆ ಪ್ಲಾಸ್ಟಿಕ್ ಕಾರ್ಡ್ ಎರಡು, ಚಿಮುಟ, ಹೊಸ ಮೆತ್ತನೆ ಟೂತ್‌ಬ್ರಷ್, 99% ಐಸೊಪ್ರೊಪೈಲ್ ಆಲ್ಕೋಹಾಲ್ (ಐಪಿಎ) ಕಾಲು ಲೀಟರ್, ಡಿಸ್ಟಿಲ್ಡ್ ವಾಟರ್ ಒಂದು ಲೀಟರ್. ಡಿಸ್ಟಿಲ್ಡ್ ವಾಟರ್ ಇನ್ವರ್ಟರ್ ಬ್ಯಾಟರಿ ಅಂಗಡೀಲಿ ಸಿಗ್ತೈತೆ. ಐಫೋನ್ ಆದ್ರೆ ಕೆಳಗಿನ ಎರಡು ಸ್ಕ್ರೂಗೆ ಐದು ಎಸಳಿನ ಪೆಂಟಾಲೋಬ್ ಬೇಕು.

ಮುಚ್ಚಳದ ಅಂಚಿಗೆ ಹೇರ್ ಡ್ರೈಯರ್ ಗಾಳಿ ಎರಡು-ಮೂರು ನಿಮಿಷ ಕೊಡ್ರಿ, ಒಂದೇ ಜಾಗದಲ್ಲಿ ನಿಲ್ಲಿಸದೆ ಸುತ್ತ ಆಡಿಸ್ತಾ. ಬೆರಳಿಟ್ರೆ ಎರಡು-ಮೂರು ಸೆಕೆಂಡ್ ತಡೀಬೇಕು, ಅದಕ್ಕಿಂತ ಬಿಸಿ ಬೇಡ. ಒಳಗಿರೋ ಬ್ಯಾಟರಿ 60 ಡಿಗ್ರಿ ದಾಟಬಾರದು. ಕಾರ್ಡ್‌ನ 3-4 ಮಿಲಿಮೀಟರ್‌ಗಿಂತ ಒಳಗೆ ತೂರಿಸಬೇಡ್ರಿ. ಬೆರಳಚ್ಚು ಸೆನ್ಸರ್ ಹಿಂದಿನ ಮುಚ್ಚಳದಲ್ಲಿದ್ರೆ ಅದರ ರಿಬ್ಬನ್ ಕಿತ್ತುಹೋಗ್ತೈತೆ. ಹಂಗಾಗಿ ಮುಚ್ಚಳ ಸಡಿಲ ಆದ ಕೂಡ್ಲೆ ಎಳೀದೆ, ಪುಸ್ತಕ ತೆರೆದಂಗೆ ಒಂದು ಮಗ್ಗುಲಿಂದ ಎತ್ತಿ ಇಣುಕಿ ನೋಡ್ರಿ.

ಒಂದು ಬಿಳಿ ಹಾಳೆ ಮೇಲೆ ಫೋನಿನ ಚಿತ್ರ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲೇ ಇಡ್ರಿ. ಇದು ಸಣ್ಣ ವಿಷಯ ಅಲ್ಲ. ಎಷ್ಟೋ ಫೋನಲ್ಲಿ ಸ್ಕ್ರೂ ಉದ್ದ ಒಂದೊಂದು ಕಡೆ ಒಂದೊಂದು ಥರ. ಉದ್ದದ್ದನ್ನ ಗಿಡ್ಡ ತೂತಿಗೆ ಬಿಗಿದ್ರೆ ಅದು ಬೋರ್ಡ್ ಒಳಪದರ ಕೊರೀತೈತೆ. ನೀರಿಗೆ ಬದುಕಿದ ಫೋನ್ ಸ್ಕ್ರೂಗೆ ಸಾಯ್ತೈತೆ.

ಕನೆಕ್ಟರ್‌ಗಳ ಮೇಲಿನ ತಗಡು ತೆಗೆದ ಮೇಲೆ ಮೊದಲು ಬ್ಯಾಟರಿ ಕನೆಕ್ಟರ್, ಪ್ಲಾಸ್ಟಿಕ್ ತುದಿಯಿಂದ ನೇರ ಮೇಲಕ್ಕೆ. ಆಮೇಲೆ ಡಿಸ್‌ಪ್ಲೇ, ಮಿಕ್ಕಿದ್ದೆಲ್ಲ. ವಾಪಸ್ ಹಾಕೋವಾಗ ಬ್ಯಾಟರಿ ಕೊನೆಗೆ.

ಶೇಂಗಾಹೊಲ, ಚಳ್ಳಕೆರೆ
ಡಿಸ್ಟಿಲ್ಡ್ ವಾಟರ್ ಯಾಕೆ ಅಣ್ಣಾ? ನೀರಿಗೆ ಬಿದ್ದದ್ದನ್ನ ಮತ್ತೆ ನೀರಲ್ಲಿ ತೊಳೆಯೋದಾ? ಎಲ್ಲಾ ಕಡೆ ಆಲ್ಕೋಹಾಲ್ ಅಂತ ಮಾತ್ರ ಹೇಳ್ತಾರೆ. ನಮ್ಮನೆ ಆರ್‌ಓ ನೀರು ಆಗಲ್ವಾ?

ಏಳುಸುತ್ತು, ಚಿತ್ರದುರ್ಗ
ಉಪ್ಪು ಆಲ್ಕೋಹಾಲಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಒಂದು ಚಿಟಿಕೆ ಅಡುಗೆ ಉಪ್ಪನ್ನು ಐಪಿಎಗೆ ಹಾಕಿ ಕಲಕಿ ನೋಡಿ, ತಳದಲ್ಲೇ ಕೂತಿರುತ್ತದೆ. ಉಪ್ಪನ್ನು ಕರಗಿಸಿ ಒಯ್ಯಲು ನೀರೇ ಬೇಕು, ಆದರೆ ತಾನೇ ಏನನ್ನೂ ಬಿಟ್ಟುಹೋಗದ ನೀರು. ಆರ್‌ಓ ನೀರಿನಲ್ಲಿ ಕಡಿಮೆಯಾದರೂ ಲವಣ ಇರುತ್ತದೆ; ಬಾಟಲಿ ನೀರಿನಲ್ಲೂ ಅಷ್ಟೇ. ಆಲ್ಕೋಹಾಲಿನ ಕೆಲಸ ಎರಡನೆಯದು. ಸಂದಿಯಲ್ಲಿ ಉಳಿದ ನೀರಿನ ಜತೆ ಬೆರೆತು ಅದನ್ನು ಹೊರಗೆ ತಂದು ತಾನೂ ಬೇಗ ಆರಿಹೋಗುವುದು. ಹಾಗಾಗಿ ಮೊದಲು ನೀರು, ಆಮೇಲೆ ಆಲ್ಕೋಹಾಲ್. ಈ ಕ್ರಮ ತಿರುವುಮುರುವಾಗಬಾರದು.

ಔಷಧಿ ಅಂಗಡಿಯ 70% ಐಪಿಎ ಅಂದರೆ ನೂರರಲ್ಲಿ ಮೂವತ್ತು ಪಾಲು ನೀರು. ಕೊನೆಯ ತೊಳೆತಕ್ಕೆ ಬೇಡ. ಸ್ಯಾನಿಟೈಸರ್‌ನಲ್ಲಿ ಗ್ಲಿಸರಿನ್ ಇರುತ್ತದೆ, ಜಿಗುಟು ಉಳಿಯುತ್ತದೆ. ಥಿನ್ನರ್, ಪೆಟ್ರೋಲ್, ಉಗುರುಬಣ್ಣ ತೆಗೆಯುವ ಅಸಿಟೋನ್ ಪ್ಲಾಸ್ಟಿಕ್ಕನ್ನೇ ತಿನ್ನುತ್ತವೆ.

ಎಚ್ಚರದ ಮಾತು: ಐಪಿಎ ಆವಿ 12 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳಬಲ್ಲದು. ನಮ್ಮೂರ ಚಳಿಗಾಲದ ಮಧ್ಯಾಹ್ನವೂ ಅದಕ್ಕಿಂತ ಬಿಸಿ. ಅಡುಗೆಮನೆಯಲ್ಲಿ ಬೇಡ, ದೇವರ ದೀಪ, ಊದುಬತ್ತಿ ಹತ್ತಿರ ಬೇಡ. ಕಿಟಕಿ ತೆರೆದಿರಲಿ. ಐಪಿಎ ಒದ್ದೆ ಇರುವಾಗ ಹೇರ್ ಡ್ರೈಯರ್ ಮುಟ್ಟಲೇಬೇಡಿ.

ತೊಟ್ಟಿಕಟ್ಟೆ, ನಿಟ್ಟುವಳ್ಳಿ
ಬಿಚ್ಚಿದೆ. ಬ್ಯಾಟರಿ ಕನೆಕ್ಟರ್ ಎಬ್ಬಿಸಿದೆ. ಸಿಮ್ ಟ್ರೇ ಪಕ್ಕದ ಬಿಳಿ ಸ್ಟಿಕ್ಕರ್ ಕೆಂಪಗಾಗೈತೆ. ಕೆಳಗಿನ ಸಣ್ಣ ಬೋರ್ಡಲ್ಲಿ ಚಾರ್ಜಿಂಗ್ ಕಿಂಡಿ ಹತ್ತಿರ ಹಸಿರು ಹಿಟ್ಟಿನಂಗೆ ಐತೆ. ಮೇಲಿನ ಬೋರ್ಡ್ ಶೀಲ್ಡ್ ಅಂಚಲ್ಲಿ ಬಿಳಿ ಕಲೆ. ಮನೇಲಿ ನಿಂಬೆಹಣ್ಣು ಹಚ್ಚಿದ್ರೆ ಬಿಳಿ ಹೋಗ್ತೈತೆ ಅಂತಾರೆ.

ಫ್ಲಕ್ಸ್, ಮಂಡಿಪೇಟೆ
ನಿಂಬೆಹಣ್ಣು ಬೇಡ. ಬಿಳಿ ಪೊರೆ ಹೋಗ್ತೈತೆ ನಿಜ, ಆದ್ರೆ ಹುಳಿ ಐಸಿ ಕೆಳಗೆ ನುಗ್ಗಿ ಕೂತ್ರೆ ಬೆಸುಗೆ ಗುಂಡುಗಳನ್ನ ತಿನ್ನುತ್ತೈತೆ. ಅಲ್ಲಿಂದ ಅದನ್ನ ತೆಗೆಯೋಕೆ ಯಾರಿಂದಲೂ ಆಗಲ್ಲ.

ಈಗ ಮಾಡೋದು ಹೀಗೆ. ಕ್ಯಾಮೆರಾ ಬಿಡಿಸಿ ದೂರ ಇಡ್ರಿ. ಬ್ಯಾಟರಿ, ಡಿಸ್‌ಪ್ಲೇ, ಸ್ಪೀಕರ್ ಯಾವುದನ್ನೂ ಅದ್ದಬಾರದು. ಬೋರ್ಡ್ ಎರಡು ಮಾತ್ರ. ಶೀಲ್ಡ್ ಮುಚ್ಚಳ ಕ್ಲಿಪ್ಪಿಂದು ಆದ್ರೆ ಒಂದು ಮೂಲೆಯಿಂದ ಎಬ್ಬಿಸ್ರಿ. ಬೆಸುಗೆ ಹಾಕಿದ್ದಾದ್ರೆ ಕೀಳಬೇಡ್ರಿ, ಅದರ ತೂತುಗಳಿಂದಲೇ ತೊಳೀರಿ. ಗಾಜಿನ ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಹಾಕಿ ಬೋರ್ಡ್ ಐದು ನಿಮಿಷ ಬಿಟ್ಟು, ಮೆಲ್ಲಗೆ ಅಲ್ಲಾಡಿಸಿ, ನೀರು ಚೆಲ್ಲಿ ಹೊಸ ನೀರಲ್ಲಿ ಇನ್ನೊಂದು ಸಲ. ಆಮೇಲೆ ಐಪಿಎನಲ್ಲಿ ಹತ್ತು ನಿಮಿಷ. ಐಪಿಎ ಒದ್ದೆ ಇರುವಾಗಲೇ ಕಲೆಯನ್ನ ಬ್ರಷ್‌ನಿಂದ ಒಂದೇ ದಿಕ್ಕಿಗೆ ತಿಕ್ಕಿ. ಹಿಂದೆಮುಂದೆ ಉಜ್ಜಿದ್ರೆ ಸಾಸಿವೆಗಿಂತ ಸಣ್ಣ ಕೆಪಾಸಿಟರ್ ಹಾರಿಹೋಗ್ತಾವೆ. ಕನೆಕ್ಟರ್ ಒಳಗೆ ಪಿನ್ ಸಾಲಿನ ಉದ್ದಕ್ಕೆ, ಅಡ್ಡಕ್ಕೆ ಬೇಡ.

ಸಣ್ಣ ಬೋರ್ಡಲ್ಲಿ ಸೂಜಿಮೊನೆಯಷ್ಟು ಒಂದು ತೂತು ಇರ್ತೈತೆ, ಅದು ಮೈಕ್. ಅದರ ಮೇಲೆ ಕ್ಯಾಪ್ಟಾನ್ ಟೇಪ್ (ಬಿಸಿ ತಡೆಯೋ ಹಳದಿ ಟೇಪ್) ಅಂಟಿಸಿಕೊಂಡು ತೊಳೀರಿ, ಇಲ್ಲಾಂದ್ರೆ ನಿಮ್ಮ ಮಾತು ಆ ಕಡೆಯವರಿಗೆ ಕೇಳಲ್ಲ.

ಅಡಿಕೆತೋಟ, ಚನ್ನಗಿರಿ
ನಮ್ಮ ಕಡೆ ಸುಗ್ಗಿ ಟೈಮಲ್ಲಿ ಫೋನು ಅಡಿಕೆ ಬೇಯಿಸೋ ಹಂಡೆಗೆ, ಚೊಗರಿನ (ಅಡಿಕೆ ಬೇಯಿಸಿದ ರಸ) ಡ್ರಮ್ಮಿಗೆ ಬೀಳೋದು ಜಾಸ್ತಿ. ಅದಕ್ಕೂ ಇದೇ ವಿಧಾನನಾ?

ಏಳುಸುತ್ತು, ಚಿತ್ರದುರ್ಗ
ಇದೇ, ಆದರೆ ಇನ್ನೂ ಅವಸರ ಬೇಕು. ಚೊಗರಿನಲ್ಲಿ ಇರುವುದು ಟ್ಯಾನಿನ್. ಅದು ಕಬ್ಬಿಣದ ಜತೆ ಸೇರಿದರೆ ಕಪ್ಪು ಶಾಯಿ. ಹಳೆಯ ಕಾಲದಲ್ಲಿ ಬರೆಯುವ ಮಸಿ ಮಾಡುತ್ತಿದ್ದದ್ದೂ ಇದೇ ತತ್ವದಲ್ಲಿ. ಸ್ಕ್ರೂ ತಲೆ, ತಗಡು ಕಪ್ಪಾಗಿದ್ದರೆ ಸುಟ್ಟಿದೆ ಅಂದುಕೊಂಡು ಫೋನು ಬಿಸಾಡಬೇಡಿ. ಚೊಗರು ಒಣಗಿದರೆ ಅಂಟಿನ ಹಾಗೆ ಗಟ್ಟಿಯಾಗುತ್ತದೆ. ಹಸಿಯಿರುವಾಗಲೇ ಬಿಚ್ಚಿ, 40 ಡಿಗ್ರಿಯಷ್ಟು ಉಗುರುಬೆಚ್ಚಗಿನ ಡಿಸ್ಟಿಲ್ಡ್ ನೀರಲ್ಲಿ ಬಣ್ಣ ಬಿಡುವುದು ನಿಲ್ಲುವ ತನಕ, ಮೂರು-ನಾಲ್ಕು ಸಲ ತೊಳೆಯಿರಿ. ಚಹಾ, ಕಬ್ಬಿನ ಹಾಲು, ತಂಪು ಪಾನೀಯಕ್ಕೂ ಇದೇ. ಸಕ್ಕರೆಯೂ ಐಪಿಎಯಲ್ಲಿ ಕರಗುವುದಿಲ್ಲ. ಯೂರಿಯಾ, ಡಿಎಪಿ ಕಲಸಿದ ನೀರು ಎಲ್ಲಕ್ಕಿಂತ ಕೆಟ್ಟದ್ದು. ಹಂಡೆಯ ಕುದಿನೀರಿಗೆ ಬಿದ್ದಿದ್ದರೆ ಬೋರ್ಡ್ ಉಳಿದರೂ ಬ್ಯಾಟರಿ ಮತ್ತೆ ಬಳಸಬೇಡಿ.

ಶೇಂಗಾಹೊಲ, ಚಳ್ಳಕೆರೆ
ಎಣ್ಣೆ ಬಿದ್ರೆ?

ಏಳುಸುತ್ತು, ಚಿತ್ರದುರ್ಗ
ಅಡುಗೆ ಎಣ್ಣೆ ಕರೆಂಟ್ ಹಾಯಿಸುವುದಿಲ್ಲ, ಗಾಬರಿ ಬೇಡ. ಸ್ಪೀಕರ್ ಜಾಲರಿ ಕಟ್ಟಿಕೊಳ್ಳುತ್ತದೆ. ಬ್ರಷ್ಷಿಗೆ ಐಪಿಎ ಮುಟ್ಟಿಸಿ ಒರೆಸಿದರೆ ಆಯಿತು.

ಗಾಳಿಗಿರಣಿ, ಜೋಗಿಮಟ್ಟಿ ರಸ್ತೆ (ಚಿತ್ರದುರ್ಗ)
ಒಣಗಿಸೋ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮಾರ್ಚ್, ಏಪ್ರಿಲ್‌ನಲ್ಲಿ ದುರ್ಗದ ಗಾಳಿಗೆ ಒಣಗಿಸೋ ಯಂತ್ರವೇ ಬೇಡ, ಫ್ಯಾನ್ ಕೆಳಗೆ 24 ಗಂಟೆ ಸಾಕು. ಮಳೆಗಾಲದಲ್ಲಿ ಮಾತ್ರ ಎರಡು ದಿನ ಬಿಡಿ, ಮುಚ್ಚಿದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ. ಬಿಸಿಲಿಗೆ ಇಡಬೇಡಿ. ಇಲ್ಲಿಯ ಬೇಸಿಗೆ ಬಿಸಿಲಲ್ಲಿ ಕಪ್ಪು ಫೋನು ಕೈ ಸುಡುವಷ್ಟು ಕಾಯುತ್ತೆ. ಡಿಸ್‌ಪ್ಲೇ ಪದರಗಳ ನಡುವೆ ಹೋದ ನೀರು ಕಲೆಯಾಗಿ ಉಳಿಯೋದೂ ಬಿಸಿಲಿಗೆ ಜಾಸ್ತಿ.

ಐಪಿ68 (ನೀರು, ದೂಳು ತಡೆಯೋ ಮಟ್ಟದ ಅಂಕಿ) ಅಂತ ಬರೆದಿದೆಯಲ್ಲ ಅಂತ ಧೈರ್ಯ ಮಾಡೋರಿಗೆ: ಐಪಿ67 ಅಂದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ. 68ರ ಆಳ, ಹೊತ್ತು ಕಂಪನಿ ಹೇಳಿದಷ್ಟು. ಎರಡೂ ಹೊಸ ಫೋನಿನ, ಸಿಹಿನೀರಿನ ಪರೀಕ್ಷೆ. ಒಂದು ಸಲ ಕೆಳಗೆ ಬಿದ್ದು ಚೌಕಟ್ಟು ಸೊಟ್ಟಗಾದ್ರೆ, ಅಂಟು ಹಳೇದಾದ್ರೆ, ಆ ಅಂಕಿಗೆ ಅರ್ಥ ಇಲ್ಲ.

ತೊಟ್ಟಿಕಟ್ಟೆ, ನಿಟ್ಟುವಳ್ಳಿ
ತೊಳೆದು ಒಂದು ಹಗಲು, ಒಂದು ರಾತ್ರಿ ಫ್ಯಾನ್ ಕೆಳಗಿಟ್ಟಿದ್ದೆ. ನೇರ ಬ್ಯಾಟರಿ ಕನೆಕ್ಟರ್ ಕೂರಿಸ್ಲಾ? ಮಲ್ಟಿಮೀಟರ್ ಐತೆ.

ಫ್ಲಕ್ಸ್, ಮಂಡಿಪೇಟೆ
ಮೀಟರ್ ಇರೋದು ಒಳ್ಳೇದಾಯ್ತು. ಕೂರಿಸೋ ಮುಂಚೆ ಎರಡು ಅಳತೆ.

ಒಂದು, ಬ್ಯಾಟರಿ. ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿ ಕನೆಕ್ಟರ್‌ನ ಪಾಸಿಟಿವ್, ನೆಗೆಟಿವ್ ನೋಡ್ರಿ. ನಿಮ್ಮದು 62% ಇತ್ತು, ಅಂದ್ರೆ 3.8 ಆಸುಪಾಸು ಬರಬೇಕು. 3 ವೋಲ್ಟ್‌ಗಿಂತ ಕಡಿಮೆ ಬಂದ್ರೆ ಬ್ಯಾಟರಿಗೂ ನೀರು ಹೋಗೈತೆ ಅಂತ ಅನುಮಾನ ಪಡ್ರಿ. ಮೊನೆಗಳು ಒಂದಕ್ಕೊಂದು ತಾಗಿದ್ರೆ ಕಿಡಿ ಹಾರ್ತೈತೆ, ಹುಷಾರು. ಬ್ಯಾಟರಿ ಉಬ್ಬಿದ್ರೆ, ಸಿಹಿ ವಾಸನೆ ಬಂದ್ರೆ ಅದನ್ನ ಒತ್ತಬಾರದು, ಚುಚ್ಚಬಾರದು. ಒಣ ಮರಳಿನ ಬಕೆಟ್‌ನಲ್ಲಿ ಹಾಕಿ ಮನೆ ಹೊರಗಿಡ್ರಿ. ಪಾಲಿಕೆ ಕಸದ ಗಾಡಿಗೆ ಹಾಕಬೇಡ್ರಿ, ಗಾಡಿ ಒತ್ತಿದಾಗ ಬೆಂಕಿ ಹತ್ತುತ್ತೈತೆ; ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡ್ರಿ.

ಎರಡು, ಬೋರ್ಡ್. ಬ್ಯಾಟರಿ ಸೇರಿಸದೆ ಮೀಟರ್ ಡಯೋಡ್ ಮೋಡ್‌ಗೆ ತಿರುಗಿಸಿ, ಕೆಂಪು ಮೊನೆ ಶೀಲ್ಡ್ ತಗಡಿಗೆ, ಕಪ್ಪು ಮೊನೆ ಬೋರ್ಡ್ ಮೇಲಿನ ಬ್ಯಾಟರಿ ಪಾಸಿಟಿವ್‌ಗೆ. ಹೌದು, ಉಲ್ಟಾನೇ. 0.3ರಿಂದ 0.6 ಒಳಗೆ ಬಂದ್ರೆ ಶಾರ್ಟ್ ಇಲ್ಲ. 0.00 ಅಂತ ಬೀಪ್ ಆದ್ರೆ ಬ್ಯಾಟರಿ ಹಾಕಲೇಬೇಡ್ರಿ.

ಹೊಳೆದಂಡೆ, ಹರಿಹರ
ಬೀಪ್ ಆದರೆ ಮನೆಯಲ್ಲಿ ಏನೂ ಮಾಡೋಕಾಗಲ್ವಾ?

ಫ್ಲಕ್ಸ್, ಮಂಡಿಪೇಟೆ
ಮೊದಲು ಇನ್ನೊಂದು ಸಲ ತೊಳೆದು ನೋಡ್ರಿ, ಎಷ್ಟೋ ಸಲ ತುಕ್ಕಿನ ಸೇತುವೆಯೇ ಶಾರ್ಟ್. ಹೋಗದಿದ್ರೆ ಯಾವುದೋ ಕೆಪಾಸಿಟರ್ ಶಾರ್ಟ್ ಆಗಿರ್ತೈತೆ. ಕರೆಂಟ್ ಮಿತಿ ಇಡಬಹುದಾದ ಡಿಸಿ ಪವರ್ ಸಪ್ಲೈ ಇದ್ದೋರು 4 ವೋಲ್ಟ್, 1 ಆಂಪಿಯರ್ ಮಿತಿ ಇಟ್ಟು ಕೊಡ್ತಾರೆ. ಬೋರ್ಡ್ ಮೇಲೆ ಐಪಿಎ ತೆಳ್ಳಗೆ ಸವರಿದ್ರೆ ಎಲ್ಲಿ ಮೊದಲು ಆರ್ತೈತೋ ಅದೇ ಬಿಸಿಯಾದ ಭಾಗ, ಅದೇ ಕಳ್ಳ. ಬೆಂಕಿಯ ಭಯ ಇರೋದ್ರಿಂದ ಹೊಸಬರು ಇದನ್ನ ಮಾಡಬಾರದು. ಆ ಭಾಗ ಕೀಳೋಕೆ ಹಾಟ್ ಏರ್ (ಬೆಸುಗೆ ಕರಗಿಸೋ ಬಿಸಿಗಾಳಿ ಮೆಷಿನ್) ಬೇಕು. ಕಾರ್ಖಾನೆಯ ಸೀಸವಿಲ್ಲದ ಬೆಸುಗೆ 217 ಡಿಗ್ರಿಗೆ ಕರಗ್ತೈತೆ, ಆ ಬಿಸಿ ಪಕ್ಕದ ಪ್ರೊಸೆಸರ್‌ಗೂ ತಾಗ್ತೈತೆ. ಕಲಿಯೋ ಆಸೆ ಇದ್ರೆ ಸತ್ತ ಬೋರ್ಡ್ ತಂದು ಅದರ ಮೇಲೆ ಕಲೀರಿ, ಡೇಟಾ ಇರೋ ಫೋನ್ ಮೇಲೆ ಬೇಡ.

ತೊಟ್ಟಿಕಟ್ಟೆ, ನಿಟ್ಟುವಳ್ಳಿ
ಬ್ಯಾಟರಿ 3.81. ಬೋರ್ಡ್ 0.42. ಬ್ಯಾಟರಿ ಹಾಕಿ ಪವರ್ ಒತ್ತಿದೆ: ಕಂಪನ ಬಂತು, ಆನ್ ಆದ ಸದ್ದೂ ಬಂತು, ಪರದೆ ಮಾತ್ರ ಕಪ್ಪು. ಟಾರ್ಚ್ ಬಿಟ್ಟು ಓರೆಯಾಗಿ ನೋಡಿದ್ರೆ ಚಿತ್ರ ಮಸುಕಾಗಿ ಕಾಣ್ತೈತೆ.

ಏಳುಸುತ್ತು, ಚಿತ್ರದುರ್ಗ
ಒಳ್ಳೆಯ ಲಕ್ಷಣ. ನಿಮ್ಮದು ಎಲ್‌ಸಿಡಿ, ಚಿತ್ರ ಬರುತ್ತಿದೆ, ಹಿಂಬೆಳಕು ಮಾತ್ರ ಇಲ್ಲ. ಹಿಂಬೆಳಕಿನ ಎಲ್‌ಇಡಿಗಳನ್ನು ಸಾಲಾಗಿ ಜೋಡಿಸಿರುವುದರಿಂದ ಬೋರ್ಡು ಬ್ಯಾಟರಿಯ 4 ವೋಲ್ಟನ್ನು ಹಲವು ಪಟ್ಟು ಏರಿಸಿ ಅಲ್ಲಿಗೆ ಕಳಿಸುತ್ತದೆ. ವೋಲ್ಟೇಜ್ ಹೆಚ್ಚಿದ್ದಲ್ಲಿ ತುಕ್ಕು ಮೊದಲು. ಡಿಸ್‌ಪ್ಲೇ ಕನೆಕ್ಟರ್‌ನಲ್ಲಿ ಒಂದೆರಡು ಪಿನ್ ಮಾತ್ರ ಕಪ್ಪಾಗಿದೆಯೇ ನೋಡಿ.

ಅದಕ್ಕೂ ಮೊದಲು ಡೇಟಾ. ಟಾರ್ಚ್ ಬೆಳಕಿನಲ್ಲೇ ಪ್ಯಾಟರ್ನ್ ಹಾಕಿ, ವೈಫೈ ಹಚ್ಚಿ, ಕಾಗದಪತ್ರದ ಸ್ಕ್ಯಾನ್ ಮೊದಲು, ಫೋಟೋ ಆಮೇಲೆ, ಇನ್ನೊಂದು ಫೋನಿಗೋ ಡ್ರೈವ್‌ಗೋ ಕಳಿಸಿಬಿಡಿ. ಹಸಿರು ಹಿಟ್ಟಿದ್ದ ಕಿಂಡಿಗೆ ಕೇಬಲ್ ಚುಚ್ಚಬೇಡಿ. ಇದು ಯಾಕೆ ಮುಖ್ಯ ಅಂದರೆ, ಆಂಡ್ರಾಯ್ಡ್ 10ರೊಂದಿಗೆ ಮಾರುಕಟ್ಟೆಗೆ ಬಂದ ಫೋನುಗಳಿಂದ ಈಚೆಗೆ ಎನ್‌ಕ್ರಿಪ್ಷನ್ ಕಡ್ಡಾಯ. ಮೆಮೊರಿ ಚಿಪ್ಪನ್ನು ಕಿತ್ತು ಬೇರೆ ಕಡೆ ಓದಿಸಿದರೆ ಬರೀ ಗೋಜಲು ಬರುತ್ತದೆ. ಅದೇ ಪ್ರೊಸೆಸರ್, ಅದೇ ಚಿಪ್ಪು, ಅದೇ ಬೋರ್ಡಿನ ಮೇಲೆ ಜೀವಂತವಾಗಿದ್ದರಷ್ಟೇ ಬೀಗ ತೆಗೆಯುತ್ತದೆ. "ಚಿಪ್ ತೆಗೆದು ಫೋಟೋ ಕೊಡ್ತೀವಿ" ಎಂದು ಯಾರಾದರೂ ಹೇಳಿದರೆ ಮುಂಗಡ ಕೊಡುವ ಮುಂಚೆ ಇದನ್ನು ನೆನಪಿಡಿ.

ತೊಟ್ಟಿಕಟ್ಟೆ, ನಿಟ್ಟುವಳ್ಳಿ
ಸ್ಕ್ಯಾನ್ ಎಲ್ಲ ಬಂತು, ಫೋಟೋನೂ ಬಂತು. 31%ಗೆ ಆಫ್ ಮಾಡಿದೆ. ಡಿಸ್‌ಪ್ಲೇ ಕನೆಕ್ಟರ್ ತುದಿಯ ಎರಡು ಪಿನ್ ಕಪ್ಪಾಗಿದ್ವು, ಐಪಿಎ ಹಾಕಿ ಬ್ರಷ್ ಮಾಡಿ ಮತ್ತೆ ಕೂರಿಸಿದೆ, ಬೆಳಕು ಬಂತು. ಚಾರ್ಜ್ ಮಾತ್ರ ಆಗ್ತಿಲ್ಲ. ಯುಎಸ್‌ಬಿ ಮೀಟರ್ 5 ವೋಲ್ಟ್, 0.00 ಆಂಪಿಯರ್ ತೋರಿಸ್ತೈತೆ.

ಫ್ಲಕ್ಸ್, ಮಂಡಿಪೇಟೆ
ಸಣ್ಣ ಬೋರ್ಡ್ ಬದಲಾಯಿಸ್ರಿ, ರಿಪೇರಿ ಮಾಡ್ತಾ ಕೂರೋದು ಬೇಡ. ಸಿ ಮಾದರಿ ಕಿಂಡೀಲಿ 24 ಪಿನ್, ಅದರಲ್ಲಿ 5 ವೋಲ್ಟ್ ಬರೋದು ನಾಲ್ಕರಲ್ಲಿ. ಚಾರ್ಜರ್ ಜತೆ ಮಾತಾಡೋ ಸಿಸಿ ಪಿನ್ ಅವುಗಳ ಪಕ್ಕದಲ್ಲೇ. ಒಂದು ಕೊಳೆತ್ರೆ ಪಕ್ಕದ್ದೂ ಹೋಗಿರ್ತೈತೆ. ಬೋರ್ಡ್ ಕೊಳ್ಳೋವಾಗ ಫೋನ್ ಮಾಡೆಲ್ ಹೆಸರು ಹೇಳಿದ್ರೆ ಸಾಲದು. ಹಳೇ ಬೋರ್ಡ್ ಮೇಲೆ ಅಚ್ಚಾಗಿರೋ ನಂಬರ್ ಹೊಂದಿಸಿ ತಗೊಳ್ರಿ. ಒಂದೇ ಹೆಸರಿನ ಫೋನಿಗೆ ಎರಡು-ಮೂರು ಥರದ್ದು ಇರ್ತಾವೆ. ಬೋರ್ಡಿನಿಂದ ಬೋರ್ಡಿಗೆ ಹೋಗೋ ಅಗಲ ರಿಬ್ಬನ್ನಿನ ಎರಡೂ ತುದಿ ಐಪಿಎನಲ್ಲಿ ಒರೆಸ್ರಿ. ಹಾಕಿದ ಮೇಲೆ ಯುಎಸ್‌ಬಿ ಮೀಟರ್ 1 ಆಂಪಿಯರ್ ಆಸುಪಾಸು ತೋರಿಸ್ಬೇಕು. ಮೊದಲ ಚಾರ್ಜ್ ಹಗಲಲ್ಲೇ, ಕಣ್ಣೆದುರಿಗೆ ಮಾಡ್ರಿ. ಬ್ಯಾಟರಿ ಮೇಲೆ ಆಗಾಗ ಬೆನ್ನುಗೈ ಇಟ್ಟು ಬಿಸಿ ನೋಡ್ರಿ.

ಮುಚ್ಚಳ ಇವತ್ತೇ ಅಂಟಿಸಬೇಡ್ರಿ. ಎರಡು-ಮೂರು ದಿನ ಬರೀ ಟೇಪ್ ಹಚ್ಚಿ ಬಳಸಿ, ಕರೆ, ಮೈಕ್, ಎರಡೂ ಕ್ಯಾಮೆರಾ, ಬೆರಳಚ್ಚು ಎಲ್ಲ ನೋಡಿಕೊಳ್ರಿ. ಆಮೇಲೆ ಹಳೇ ಅಂಟು ಪೂರ್ತಿ ಕೆರೆದು, ಐಪಿಎನಲ್ಲಿ ಒರೆಸಿ, ಬಿ7000 ಅಂಟನ್ನ ಅಂಚಿನ ಸುತ್ತ ದಾರದೆಳೆಯಷ್ಟು ತೆಳ್ಳಗೆ, ಎಲ್ಲೂ ಕಡಿಯದಂಗೆ ಎಳೀರಿ. ಮೈಕ್ ತೂತು, ಸ್ಪೀಕರ್ ಜಾಲರಿ ಹತ್ತಿರ ಅಂಟು ಹರೀಬಾರದು. ಎರಡು ನಿಮಿಷ ಬಿಟ್ಟು ಮುಚ್ಚಿ, ರಬ್ಬರ್ ಬ್ಯಾಂಡ್ ನಾಲ್ಕು ಕಡೆ ಹಾಕಿ 24 ಗಂಟೆ ಮುಟ್ಟಬೇಡ್ರಿ.